ಕಳೆ ಕೀಳುವ ಮೊದಲು ಅದರ ಜೀವ ಎಲ್ಲಿದೆ ಅಂತ ಹುಡುಕಿ

ನಾಲ್ಕು ವರ್ಷದ ಹಿಂದೆ ಪಕ್ಕದ ರಸ್ತೆಯ ಆಂಟಿಯೊಬ್ಬರು ನನಗೆ ಒಂದು ಹಿಡಿ ಬಳ್ಳಿ ಕಿತ್ತುಕೊಟ್ಟರು. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಮುಂದುಗಡೆ ನಾಲ್ಕಡಿ ಅಗಲದ ಮಣ್ಣಿನ ಪಟ್ಟಿ ಇದೆ, ಅಲ್ಲಿ ಏನು ಹಾಕಿದರೂ ಬಿಸಿಲಿಗೆ ಸುಟ್ಟುಹೋಗುತ್ತಿತ್ತು. "ಇದನ್ನ ನೆಟ್ಟು ಮರೆತುಬಿಡಿ, ಅದೇ ಹಬ್ಕೊಳ್ಳುತ್ತೆ, ನೀರೂ ಬೇಡ" ಅಂದರು ಅವರು. ಹೊಳೆಯುವ ಹಸಿರು ಎಲೆ, ಪುಟ್ಟ ಸೂರ್ಯಕಾಂತಿಯಂಥ ಹಳದಿ ಹೂವು. ಅದರ ಹೆಸರು ವೆಡೇಲಿಯಾ ಅಂತ ಆಮೇಲೆ ಗೊತ್ತಾಯಿತು. ನೀವೂ ನೋಡಿರುತ್ತೀರಿ. ಪಾರ್ಕಿನ ಅಂಚಿನಲ್ಲಿ, ರಸ್ತೆ ಮಧ್ಯದ ಡಿವೈಡರ್‌ನಲ್ಲಿ, ಈಗೀಗ ಮೋರಿ ಪಕ್ಕದಲ್ಲೂ ಇರುತ್ತದೆ.

ಮೊದಲ ಮಳೆಗಾಲಕ್ಕೆ ಪಟ್ಟಿ ತುಂಬಿತು, ನನಗೂ ಖುಷಿಯಾಯಿತು. ಎರಡನೇ ಮಳೆಗಾಲಕ್ಕೆ ಕನಕಾಂಬರ ಕಾಣದೇ ಹೋಯಿತು, ದೊಡ್ಡಪತ್ರೆ ಕೊಳೆಯಿತು, ಬಳ್ಳಿ ಗೇಟಿನ ಕೆಳಗೆ ತೂರಿ ಫುಟ್‌ಪಾತಿಗೆ ಇಳಿಯಿತು. ಎರಡು ಭಾನುವಾರ ಪೂರ್ತಿ ಕೂತು ಕಿತ್ತೆ. ಕಿತ್ತಿದ್ದನ್ನು ಎದುರಿನ ಖಾಲಿ ಸೈಟಿಗೆ ಎಸೆದೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಪಟ್ಟಿಯಲ್ಲೂ ಅದೇ, ಸೈಟಿನಲ್ಲೂ ಅದೇ. ಆ ಸೈಟಿಗೆ ಅದನ್ನು ತಂದು ಹಾಕಿದವನು ನಾನೇ ಅನ್ನೋದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಆಮೇಲೆ ಒಂದು ತುಂಡು ಎತ್ತಿಕೊಂಡು ಸರಿಯಾಗಿ ನೋಡಿದೆ. ಬಳ್ಳಿಯಲ್ಲಿ ಬೆರಳುದ್ದಕ್ಕೊಂದು ಗಿಣ್ಣು. ಪ್ರತಿ ಗಿಣ್ಣಿನ ಕೆಳಭಾಗದಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಬಿಳಿ ಮೊಡವೆಗಳಂತೆ ಏನೋ ಇತ್ತು. ಅವೇ ಬೇರು. ಮಣ್ಣು ತಾಗಲಿ ಅಂತ ಕಾಯುತ್ತಾ ಕೂತಿರುತ್ತವೆ. ಒಂದು ಗಿಣ್ಣು ಇರುವ ತುಂಡು ಸಾಕು, ಹೊಸ ಗಿಡ ರೆಡಿ. ನಾನು ಕಿತ್ತಾಗ ಬಳ್ಳಿ ಪಟಪಟ ಮುರಿದಿತ್ತಲ್ಲ, ಆ ತುಂಡುಗಳೆಲ್ಲ ಮಣ್ಣಲ್ಲೇ ಉಳಿದಿದ್ದವು. ನನ್ನ ಲೆಕ್ಕಕ್ಕೆ ಅದು ಕಳೆ ಕೀಳೋ ಕೆಲಸ, ಗಿಡದ ಲೆಕ್ಕಕ್ಕೆ ಅದು ಸಸಿ ಮಾಡುವ ಕೆಲಸ.

ಚಿಕ್ಕವರಿದ್ದಾಗ ಅಜ್ಜಿ ಹೇಳುತ್ತಿದ್ದ ರಾಕ್ಷಸನ ಕಥೆ ನೆನಪಿದೆಯಾ? ಕತ್ತು ಕಡಿದರೂ ಸಾಯಲ್ಲ, ಬೆಂಕಿಗೆ ಹಾಕಿದರೂ ಸಾಯಲ್ಲ. ಯಾಕಂದ್ರೆ ಅವನ ಜೀವ ಅವನ ಮೈಯಲ್ಲಿ ಇಲ್ಲ. ಏಳು ಸಮುದ್ರದ ಆಚೆ, ಒಂದು ಗಿಣಿಯ ಒಳಗಿದೆ. ಹಟ ಹಿಡಿದು ಹಬ್ಬುವ ಗಿಡಗಳ ವಿಷಯವೂ ಹೀಗೇ. ನಮ್ಮ ಕಣ್ಣಿಗೆ ಕಾಣುವ ಎಲೆ, ಹೂವು, ಕಾಂಡದಲ್ಲಿ ಅದರ ಜೀವ ಇರುವುದಿಲ್ಲ. ಕೆಲವಕ್ಕೆ ಗಿಣ್ಣಲ್ಲಿದೆ. ಕೆಲವಕ್ಕೆ ನೆಲದೊಳಗಿನ ಗೆಡ್ಡೆಯಲ್ಲಿ. ಕೆಲವಕ್ಕೆ ವರ್ಷಗಟ್ಟಲೆ ಮಣ್ಣಲ್ಲಿ ಮಲಗಿರುವ ಬೀಜದಲ್ಲಿ. ಆ ಗಿಣಿ ಎಲ್ಲಿದೆ ಅಂತ ತಿಳಿಯದೆ ಕುಡ್ಲು ಹಿಡಿದರೆ ಬೆನ್ನು ನೋವು ಬರುತ್ತದೆಯೇ ಹೊರತು ಗಿಡ ಹೋಗಲ್ಲ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಹೊರದೇಶದಿಂದ ಬಂದ ಗಿಡವೆಲ್ಲ ಕೆಟ್ಟದ್ದು ಅಂತ ದಯವಿಟ್ಟು ತಿಳಿಯಬೇಡಿ. ನಾವು ದಿನಾ ಮುದ್ದೆ ಮಾಡಿ ಉಣ್ಣುವ ರಾಗಿ ಆಫ್ರಿಕಾ ಮೂಲದ್ದು. ಮೆಣಸಿನಕಾಯಿ, ಟೊಮೆಟೊ, ಸೀಬೆ, ಪಪ್ಪಾಯ ಎಲ್ಲ ಅಮೆರಿಕ ಖಂಡದಿಂದ ಬಂದವು. ಬೇಸಿಗೆಯಲ್ಲಿ ಮೈಸೂರಿನ ರಸ್ತೆಗಳನ್ನು ಕೆಂಪು ಮಾಡುವ ಗುಲ್‌ಮೊಹರ್ ಮಡಗಾಸ್ಕರ್‌ನದು. ಅವು ನೆಟ್ಟ ಕಡೆ ಇವೆ, ಕಾಡಿಗೆ ನುಗ್ಗಿ ಬೇರೆಯವರ ಜಾಗ ಕಿತ್ತುಕೊಂಡಿಲ್ಲ. ಬಂದ ಗಿಡಗಳಲ್ಲಿ ಬಹುಪಾಲು ಹೀಗೆ ಸುಮ್ನೆ ಇರುವಂಥವೇ. ಜೀವವೈವಿಧ್ಯದ ಬಗ್ಗೆ ಸರ್ಕಾರಗಳಿಗೆ ವರದಿ ಕೊಡುವ ಅಂತರರಾಷ್ಟ್ರೀಯ ವೇದಿಕೆ ಐಪಿಬಿಇಎಸ್ 2023ರಲ್ಲಿ ಒಂದು ದೊಡ್ಡ ವರದಿ ತಂದಿತು. ಮನುಷ್ಯರು ಜಗತ್ತಿನಾದ್ಯಂತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿ, ಅಲ್ಲಿ ನೆಲೆ ನಿಂತ ಜೀವಿಗಳು 37,000ಕ್ಕೂ ಹೆಚ್ಚು. ಅದರಲ್ಲಿ ಹಾನಿ ಮಾಡುತ್ತಿರುವವು 3,500ಕ್ಕೂ ಹೆಚ್ಚು. ಇದರಲ್ಲಿ ಗಿಡಗಳ ಜೊತೆಗೆ ಪ್ರಾಣಿ, ಕೀಟ ಎಲ್ಲ ಸೇರಿವೆ. ಹತ್ತರಲ್ಲಿ ಒಂದು ಅಂದುಕೊಳ್ಳಿ. ಆದರೆ ಆ ಒಂದೇ ಸಾಕು.

ಆ ಒಂದು ಗಿಡ ಯಾಕೆ ಹಾಗೆ ಹುಚ್ಚೆದ್ದು ಬೆಳೆಯುತ್ತದೆ? ತನ್ನ ತವರಲ್ಲಿ ಅದನ್ನು ತಿನ್ನೋ ಹುಳ ಇರುತ್ತದೆ, ಅದಕ್ಕೆ ಬರೋ ರೋಗ ಇರುತ್ತದೆ, ಅದರ ಜೊತೆ ಜಗಳವಾಡಿ ಜಾಗ ಹಿಡಿಯುವ ಗಿಡಗಳಿರುತ್ತವೆ. ನಾವು ತರುವಾಗ ಗಿಡವನ್ನು ಮಾತ್ರ ತರುತ್ತೇವೆ, ಅದರ ಶತ್ರುಗಳನ್ನೆಲ್ಲ ಅಲ್ಲೇ ಬಿಟ್ಟು ಬರುತ್ತೇವೆ. ಜೊತೆಗೆ ನಮ್ಮ ದನ, ಆಡು ಅದನ್ನು ಮೂಸಿ ನೋಡಿ ಬಿಟ್ಟುಬಿಡುತ್ತವೆ. ಪಕ್ಕದ ಹುಲ್ಲನ್ನು ಮೇಯುತ್ತವೆ, ಇದನ್ನು ಮುಟ್ಟಲ್ಲ. ಇನ್ನೇನು ಬೇಕು ಅದಕ್ಕೆ?

ಆದರೆ ಹೊರಗಿನಿಂದ ಬರದೇ ಇದ್ದರೂ ಕಾಡುವ ಗಿಡ ಒಂದಿದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕಂದ್ರೆ ಕುಂಡದಲ್ಲಿ ಗಿಡ ಬೆಳೆಸುವವರಿಂದ ಹಿಡಿದು ಎಕರೆಗಟ್ಟಲೆ ಕಬ್ಬು ಹಾಕುವವರವರೆಗೂ ಎಲ್ಲರಿಗೂ ಇದರ ಕಾಟ ಇದೆ. ಅದು ಕೊನ್ನಾರಿ. ಕೆಲವರು ಜೇಕು ಅಂತಾರೆ, ಕೆಲವರು ತುಂಗೆ ಅಂತಾರೆ. ನೋಡೋಕೆ ಹುಲ್ಲು, ಆದರೆ ಹುಲ್ಲಲ್ಲ. ಕಾಂಡವನ್ನು ಎರಡು ಬೆರಳ ಮಧ್ಯೆ ಉರುಳಿಸಿ ನೋಡಿ, ಮೂರು ಮೂಲೆ ಸಿಗುತ್ತದೆ. ಹುಲ್ಲಿನ ಕಾಂಡ ದುಂಡಗಿರುತ್ತದೆ. 1970ರ ದಶಕದಲ್ಲಿ ಕಳೆ ತಜ್ಞರು ಜಗತ್ತಿನ ಕಳೆಗಳನ್ನೆಲ್ಲ ಪಟ್ಟಿ ಮಾಡಿದಾಗ ಅತ್ಯಂತ ಕೆಟ್ಟ ಕಳೆ ಅಂತ ಮೊದಲ ಸ್ಥಾನ ಕೊಟ್ಟಿದ್ದು ಇದಕ್ಕೇ.

ನಮ್ಮ ಊರು ಪಾಂಡವಪುರದ ಹತ್ತಿರ. ಒಂದು ಸಲ ದೊಡ್ಡಪ್ಪನ ಹೊಲದ ಬದುವಿನಲ್ಲಿ ಕೂತು ನಾನು ಕೊನ್ನಾರಿ ಎಳೆಯುತ್ತಿದ್ದೆ. ಸಲೀಸಾಗಿ ಬರುತ್ತಿತ್ತು, ಎಳೆದಷ್ಟೂ ಹುಮ್ಮಸ್ಸು. ದೊಡ್ಡಪ್ಪ ನೋಡಿ, "ಎಳೀಬ್ಯಾಡ ಕಣ್ ಮಗ, ಎಳುದ್ರೆ ಕೆಳುಗಿರೋವೆಲ್ಲ ಎದ್ದ್‌ಬುಡ್ತವೆ" ಅಂದರು. ಆಮೇಲೆ ಹಾರೆ ತಂದು ಒಂದು ಗೇಣು ಆಳ ಮಣ್ಣು ಎಬ್ಬಿಸಿ ತೋರಿಸಿದರು. ನಾನು ಎಳೆದ ಜಾಗದ ಕೆಳಗೆ ಕಪ್ಪು ತಂತಿಯಂಥ ಎಳೆ. ಅದರ ತುದಿಗೆ ಕಡಲೆಕಾಯಿ ಬೀಜದಷ್ಟು ದಪ್ಪದ ಒಂದು ಕಪ್ಪು ಗೆಡ್ಡೆ. ಅದರಿಂದ ಇನ್ನೊಂದು ಎಳೆ, ಇನ್ನೊಂದು ಗೆಡ್ಡೆ. ಹೀಗೆ ಜಪಮಣಿ ಪೋಣಿಸಿದ ಹಾಗೆ ಸಾಲಾಗಿ ಹೋಗಿತ್ತು. ಉಗುರಲ್ಲಿ ಸೀಳಿದರೆ ಒಳಗೆ ಬೆಳ್ಳಗೆ, ಒಂಥರಾ ಔಷಧಿ ವಾಸನೆ. ಔಷಧಿಯೂ ಹೌದು, ಆಯುರ್ವೇದದಲ್ಲಿ ಇದನ್ನೇ ಭದ್ರಮುಷ್ಟಿ ಅನ್ನುವುದು.

ದೊಡ್ಡಪ್ಪ ಹೇಳಿದ್ದು ನೂರಕ್ಕೆ ನೂರು ನಿಜ. ಆ ಸರದಲ್ಲಿ ಒಂದು ಗೆಡ್ಡೆ ಮೊಳೆತು ಮೇಲೆ ಬಂದರೆ, ಅದು ಮಿಕ್ಕ ಗೆಡ್ಡೆಗಳನ್ನು ಮಲಗಿಸಿ ಇಟ್ಟಿರುತ್ತದೆ. ಮೇಲಿನದ್ದನ್ನು ಕಿತ್ತರೆ, ಅಥವಾ ಗುದ್ದಲಿ ತಾಗಿ ಸರ ತುಂಡಾದರೆ, ಮಲಗಿದ್ದವು ಒಂದೊಂದಾಗಿ ಏಳುತ್ತವೆ. ಒಂದು ಕಿತ್ತ ಜಾಗದಲ್ಲಿ ಮೂರು ಬಂತಲ್ಲ ಅಂತ ನಿಮಗೆ ಅನ್ನಿಸಿದ್ದರೆ ಅದು ಭ್ರಮೆ ಅಲ್ಲ.

ಹಾಗಾದರೆ ಕೀಳಲೇಬಾರದಾ? ಕೀಳಬೇಕು, ಆದರೆ ಒಂದು ಸಲ ಕಿತ್ತು ಬಿಡುವುದಾದರೆ ಬೇಡವೇ ಬೇಡ. ಗೆಡ್ಡೆ ಒಂದು ಉಳಿತಾಯ ಖಾತೆ ಇದ್ದ ಹಾಗೆ. ಪ್ರತಿ ಸಲ ಮೊಳಕೆ ಕಳಿಸುವಾಗಲೂ ಅದರಿಂದ ಹಣ ತೆಗೆಯಬೇಕು. ಮೊಳಕೆಗೆ ಐದಾರು ಎಲೆ ಬಂದು ಬಿಸಿಲು ಕುಡಿದ ಮೇಲೆ ಹಣ ವಾಪಸ್ ಕಟ್ಟಲು ಶುರು ಮಾಡುತ್ತದೆ, ಹೊಸ ಗೆಡ್ಡೆಯನ್ನೂ ಕಟ್ಟುತ್ತದೆ. ಅಷ್ಟು ಎಲೆ ಬರುವ ಮೊದಲೇ ಕೀಳುತ್ತಾ ಹೋದರೆ ಖಾತೆ ಖಾಲಿಯಾಗುತ್ತದೆ. ನಾನು ನಮ್ಮ ಹಿತ್ತಲಿನ ಎರಡು ಪಾತಿಯಲ್ಲಿ ಜೂನ್‌ನಿಂದ ಡಿಸೆಂಬರ್‌ವರೆಗೆ ಹತ್ತು ದಿನಕ್ಕೊಮ್ಮೆ, ಕಾಫಿ ಕುಡಿದ ಮೇಲೆ ಕಾಲು ಗಂಟೆ ಇದಕ್ಕೇ ಇಟ್ಟಿದ್ದೆ. ಮೊದಲ ಮೂರು ತಿಂಗಳು ಏನೂ ವ್ಯತ್ಯಾಸ ಕಾಣಲಿಲ್ಲ. ಬಿಡೋಣ ಅನ್ನಿಸಿತು. ನಾಲ್ಕನೇ ತಿಂಗಳಿಂದ ಮೊಳಕೆಗಳು ಸಣ್ಣಗಾದವು, ತೆಳ್ಳಗಾದವು. ಅಷ್ಟು ಹೊತ್ತಿಗೆ ಗಿಣಿಯ ಕತ್ತು ಕೈಗೆ ಸಿಕ್ಕಿತ್ತು.

ಕೊನ್ನಾರಿಗೆ ಇನ್ನೂ ಎರಡು ದುರ್ಬಲ ಜಾಗ ಇವೆ. ಒಂದು, ನೆರಳು ಆಗುವುದಿಲ್ಲ. ಅಲಸಂದೆಯೋ ಗೆಣಸಿನ ಬಳ್ಳಿಯೋ ನೆಲ ಮುಚ್ಚುವ ಹಾಗೆ ಹಬ್ಬಿದರೆ ಇದು ಸೊರಗುತ್ತದೆ. ಎರಡು, ಗೆಡ್ಡೆ ಒಣಗಿದರೆ ಸಾಯುತ್ತದೆ. ಬೇಸಿಗೆಯಲ್ಲಿ ಹೊಲವನ್ನು ಆಳವಾಗಿ ಉತ್ತು ಬಿಸಿಲಿಗೆ ಬಿಡುತ್ತಾರಲ್ಲ ನಮ್ಮ ಕಡೆ, ಮಾಗಿ ಉಳುಮೆ, ಅದರ ಲಾಭಗಳಲ್ಲಿ ಇದೂ ಒಂದು. ಉತ್ತ ಮೇಲೆ ನೀರು ಬಿದ್ದರೆ ಮಾತ್ರ ಎಲ್ಲ ವ್ಯರ್ಥ. ಕಪ್ಪು ಪ್ಲಾಸ್ಟಿಕ್ ಹೊದಿಸಿದರೆ ಹೋಗುತ್ತೆ ಅಂತ ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. ಇದರ ಮೊಳಕೆ ಸೂಜಿಯ ಹಾಗೆ ಶೀಟನ್ನು ತೂತು ಮಾಡಿಕೊಂಡು ಬರುತ್ತದೆ, ನಾನೇ ಕಣ್ಣಾರೆ ನೋಡಿದ್ದೇನೆ. ಇನ್ನೊಂದು ಮುಖ್ಯ ಸಂಗತಿ ಇದೆ. ಇದು ಹೊಸ ಮನೆಗಳಿಗೆ ಬರುವುದು ಹೆಚ್ಚಾಗಿ ಕೆಂಪು ಮಣ್ಣಿನ ಲೋಡಿನ ಜೊತೆ, ನರ್ಸರಿಯ ಕವರಿನ ಜೊತೆ. ಗಿಡ ತಂದ ದಿನವೇ ಕವರು ಹರಿದು, ಬೇರಿನ ಸುತ್ತ ಮಣ್ಣನ್ನು ಬೆರಳಲ್ಲಿ ಕೆದಕಿ ಕಪ್ಪು ಮಣಿ ಇದೆಯಾ ಅಂತ ನೋಡಿಬಿಡಿ.

ಬೀಜದಲ್ಲಿ ಜೀವ ಇಟ್ಟ ಗಿಡಗಳ ಲೆಕ್ಕ ಬೇರೆ. ಅಲ್ಲಿ ಹೂವಿಗೆ ಮೊದಲೋ ಆಮೇಲೋ ಅನ್ನುವುದೊಂದೇ ಪ್ರಶ್ನೆ. ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿತ್ತು. ಅಮೆರಿಕದಿಂದ ಬಂದ ಗೋಧಿಯ ಜೊತೆ ಬಂತು ಅಂತ ಜನ ಹೇಳುತ್ತಾರೆ. ಚೆನ್ನಾಗಿ ಬೆಳೆದ ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಮೊಳೆತ ಒಂದೂವರೆ ತಿಂಗಳಲ್ಲಿ ಹೂ ಬಿಟ್ಟುಬಿಡುತ್ತದೆ. ಬಿಳಿ ಹೂ ಕಂಡ ಮೇಲೆ ಕಿತ್ತು ಒದರಿದರೆ ನಾವೇ ಬಿತ್ತನೆ ಮಾಡಿದ ಹಾಗೆ. ಮುಂಗಾರು ಶುರುವಾಗಿ ಮೂರು ವಾರಕ್ಕೆ, ಗಿಡ ಇನ್ನೂ ನೆಲಕ್ಕೆ ಅಂಟಿಕೊಂಡು ಮೂಲಂಗಿ ಸಸಿಯ ಹಾಗೆ ಹರಡಿಕೊಂಡಿರುವಾಗ ಕೀಳಬೇಕು, ಆಗ ಬೇರು ಸಮೇತ ಬರುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ತೋಳು ಮುಚ್ಚಿಕೊಳ್ಳಿ. ಕೆಲವರಿಗೆ ಚರ್ಮದ ತುರಿಕೆ ಶುರುವಾದರೆ ವರ್ಷಗಟ್ಟಲೆ ಬಿಡುವುದಿಲ್ಲ, ಉಬ್ಬಸವೂ ಬರುತ್ತದೆ. ಇದರ ಎಲೆ ತಿನ್ನುವ ಒಂದು ಜೀರುಂಡೆಯನ್ನು ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಬಿಳಿ ರೆಕ್ಕೆಯ ಮೇಲೆ ಕಂದು ಗೆರೆಗಳಿರುತ್ತವೆ. ಮಳೆಗಾಲದಲ್ಲಿ ಎಲೆಯೆಲ್ಲ ಜಾಲರಿಯಾದ ಪಾರ್ಥೇನಿಯಂ ಕಂಡರೆ ಆ ಹುಳದ ಕೆಲಸ ಅಂದುಕೊಳ್ಳಿ, ದಯವಿಟ್ಟು ಅದಕ್ಕೆ ಔಷಧಿ ಹೊಡೆಯಬೇಡಿ.

ನೇರಳೆ ಹೂವಿನ ರುಯೇಲಿಯಾ ಕೂಡ ಈ ಗುಂಪಿನದೇ. ಅದರ ಒಣಗಿದ ಕಾಯಿಯನ್ನು ಎಂಜಲು ಮಾಡಿ ಅಂಗೈಯಲ್ಲಿಟ್ಟು ಚಟ್ ಅನ್ನಿಸಿ ಆಡಿದ್ದೇವೆ ನಾವೆಲ್ಲ. ನೀರು ತಾಗಿದ ಕೂಡಲೇ ಸಿಡಿದು ಬೀಜ ದೂರಕ್ಕೆ ಎಸೆಯುವ ಉಪಾಯ ಅದು. ಮೊದಲ ಮಳೆ ಬಿದ್ದ ದಿನ ಬೀಜ ಹಾರುತ್ತದೆ, ಮೊಳೆಯಲು ಹದವಾದ ನೆಲವೂ ಅವತ್ತೇ ಸಿಗುತ್ತದೆ. ಎಷ್ಟು ಚೆನ್ನಾದ ಲೆಕ್ಕಾಚಾರ, ಅಲ್ವಾ?

ನೀರಿನಲ್ಲಿ ಇರುವುದರ ಬಗ್ಗೆ ಹೇಳುವಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ನೇರಳೆ ಹೂವಿನ, ಬುಡದಲ್ಲಿ ಗಾಳಿ ತುಂಬಿದ ಗುಳ್ಳೆಯಂಥ ತೊಟ್ಟಿರುವ ಗಿಡ, ಇಂಗ್ಲಿಷಿನಲ್ಲಿ ವಾಟರ್ ಹಯಸಿಂತ್. ನಮ್ಮಲ್ಲಿ ಅಂತರಗಂಗೆ ಅಂದುಬಿಡುತ್ತಾರೆ. ಎಲೆಕೋಸಿನ ಹಾಗೆ ತೇಲುವ ಇನ್ನೊಂದಕ್ಕೂ ಅದೇ ಹೆಸರು. ನಾನು ಹೇಳುತ್ತಿರುವ ನೇರಳೆ ಹೂವಿನದರ ತವರು ಅಮೆಜಾನ್. ಹೂವು ಚೆಂದ ಅಂತಲೇ 1890ರ ದಶಕದಲ್ಲಿ ಬಂಗಾಳಕ್ಕೆ ತಂದರು. ಹದವಾದ ವಾತಾವರಣ ಸಿಕ್ಕರೆ ಎರಡು ವಾರದಲ್ಲಿ ಎರಡರಷ್ಟಾಗುತ್ತದೆ. ಕೆರೆಯ ಕಾಲು ಭಾಗ ಮುಚ್ಚಿದೆ, ಇನ್ನೂ ಮುಕ್ಕಾಲು ಭಾಗ ಇದೆಯಲ್ಲ ಅಂತ ನೋಡುತ್ತಾ ಕೂತರೆ, ಒಂದು ತಿಂಗಳಿಗೆ ನೀರೇ ಕಾಣುವುದಿಲ್ಲ. ಗಿಡ ಮುಚ್ಚಿದ ನೀರಿಗೆ ಬೆಳಕು, ಗಾಳಿ ಹೋಗಲ್ಲ, ಮೀನು ಉಸಿರು ಕಟ್ಟಿ ಸಾಯುತ್ತವೆ, ಸೊಳ್ಳೆ ಹೆಚ್ಚುತ್ತದೆ. ಬೀಜ ತಳದ ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದಿರಬಲ್ಲದು. ಆದರೆ ಇದರ ನಿಜವಾದ ಜೀವ ಇರುವುದು ಬೀಜದಲ್ಲೂ ಅಲ್ಲ, ಗಿಡದಲ್ಲೂ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಅದು ಕೆರೆಗೆ ಬಂದು ಬೀಳುವ ಚರಂಡಿ ನೀರಿನಲ್ಲಿದೆ. ಆ ನೀರಿನಲ್ಲಿರುವ ಸಾರಜನಕ, ರಂಜಕವೇ ಅದಕ್ಕೆ ಗೊಬ್ಬರ. ಜೆಸಿಬಿ ತಂದು ಎಷ್ಟು ಸಲ ಎತ್ತಿ ದಡಕ್ಕೆ ಹಾಕಿದರೂ, ಚರಂಡಿ ನಿಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಅದೇ ಹಸಿರು ಹಾಸು. ಮನೆಯಲ್ಲಿ ಮಣ್ಣಿನ ತೊಟ್ಟಿಯಲ್ಲಿ ತಾವರೆ ಬೆಳೆಸುವವರು ಇದನ್ನು ನರ್ಸರಿಯಿಂದ ತರುತ್ತಾರೆ. ಜಾಸ್ತಿಯಾದಾಗ ನಾಲೆಗೋ ಕೆರೆಗೋ ಬಿಡುತ್ತಾರೆ. ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ ಜಿಲ್ಲೆಯ ಎಷ್ಟು ಊರುಗಳ ಗದ್ದೆಗೆ ಹೋಗುತ್ತದೆ ಅಂತ ಒಂದು ಕ್ಷಣ ಯೋಚಿಸಿ. ತೊಟ್ಟಿಯದು ಜಾಸ್ತಿಯಾದರೆ ಬಿಸಿಲಿಗೆ ಒಣಗಿಸಿ.

ತೋಟದಿಂದ ಹೊರಟು ಕಾಡು ಸೇರಿದ್ದರಲ್ಲಿ ಲಂಟಾನಕ್ಕೆ ಸಮ ಯಾವುದೂ ಇಲ್ಲ. 19ನೇ ಶತಮಾನದ ಮೊದಲ ವರ್ಷಗಳಲ್ಲಿ ಇದನ್ನು ಕಲ್ಕತ್ತಾದ ಬೊಟಾನಿಕಲ್ ಗಾರ್ಡನ್‌ಗೆ ಅಲಂಕಾರದ ಗಿಡವಾಗಿ ತಂದರು. ಬೇಲಿಗೆ ಒಳ್ಳೇದು, ದನ ತಿನ್ನಲ್ಲ ಅಂತ ಊರೂರಿಗೆ ಹೋಯಿತು. ಇವತ್ತು ಮೈಸೂರಿಂದ ಗುಂಡ್ಲುಪೇಟೆ ದಾಟಿ ಬಂಡೀಪುರದ ರಸ್ತೆಯಲ್ಲಿ ಹೋಗಿ ನೋಡಿ, ಎರಡೂ ಕಡೆ ಅದೇ ಪೊದೆ. ಕಪ್ಪು ಹಣ್ಣನ್ನು ಪಿಕಳಾರ ತಿಂದು ದೂರದಲ್ಲಿ ಬೀಜ ಹಾಕುತ್ತದೆ. ಜಿಂಕೆ, ಆನೆ ಮೇಯಬೇಕಾದ ಹುಲ್ಲು ಅದರ ಕೆಳಗೆ ಬೆಳೆಯುವುದಿಲ್ಲ. ಕಡಿದರೆ ಬುಡದಿಂದ ಹತ್ತು ಕವಲು ಒಡೆಯುತ್ತದೆ, ಯಾಕಂದ್ರೆ ಚಿಗುರುವ ಶಕ್ತಿ ಇರುವುದು ಕಾಂಡ ಬೇರಿಗೆ ಸೇರುವ ಗಂಟಿನಲ್ಲಿ. ಆ ಗಂಟಿನ ಕೆಳಗೆ, ಮಣ್ಣಿನಿಂದ ಎರಡು ಮೂರು ಇಂಚು ಆಳದಲ್ಲಿ ಬೇರು ಕಡಿದು, ಗಿಡವನ್ನು ಬುಡಮೇಲು ಮಾಡಿ ಇಡಬೇಕು. ಆ ಜಾಗಕ್ಕೆ ಕೂಡಲೇ ನಮ್ಮ ಹುಲ್ಲಿನ ಬೀಜ ಎರಚಬೇಕು, ಖಾಲಿ ಬಿಟ್ಟರೆ ಮತ್ತೆ ಅದೇ ಬರುತ್ತದೆ. ಮಹದೇಶ್ವರ ಬೆಟ್ಟದ ಕಡೆ ಇದರ ಕಡ್ಡಿಯಿಂದ ಕುರ್ಚಿ, ಮೇಜು, ಬುಟ್ಟಿ ಮಾಡುತ್ತಾರೆ, ಬಿದಿರಿನ ಕೆಲಸದಷ್ಟೇ ಗಟ್ಟಿ. ಕೊಳ್ಳಲು ಸಿಕ್ಕರೆ ಕೊಳ್ಳಿ.

ಇತ್ತೀಚಿನದು ಸೆನ್ನಾ ಸ್ಪೆಕ್ಟಾಬಿಲಿಸ್ ಅನ್ನೋ ಮರ. ಹಳದಿ ಹೂವು, ನೋಡಿದವರು ಕಕ್ಕೆ ಅಂದುಕೊಂಡು ಫೋಟೋ ಹಿಡಿಯುತ್ತಾರೆ. ಕಕ್ಕೆ ಹೂವು ಜೋಕಾಲಿಯ ಹಾಗೆ ಕೆಳಕ್ಕೆ ಇಳಿಬಿದ್ದಿರುತ್ತದೆ, ಇದರದು ಮೇಲಕ್ಕೆ ನಿಂತಿರುತ್ತದೆ. ವಯನಾಡಿನ ಕಾಡಿನಲ್ಲಿ ದೊಡ್ಡ ತಲೆನೋವಾಗಿ, ನಮ್ಮ ಬಂಡೀಪುರ, ನಾಗರಹೊಳೆಗೂ ಕಾಲಿಟ್ಟಿದೆ. ಇದನ್ನೂ ಅಂದಕ್ಕೆ, ನೆರಳಿಗೆ ಅಂತ ನೆಟ್ಟವರು ನಾವೇ.

ಇಷ್ಟು ಗಿಡಗಳ ಕಥೆಯಲ್ಲಿ ನನಗೆ ಎದ್ದು ಕಂಡ ವಿಷಯ ಒಂದೇ. ನರ್ಸರಿಯಲ್ಲಿ ಗಿಡ ಮಾರುವಾಗ ಏನು ಹೇಳುತ್ತಾರೆ? ಬೇಗ ಹಬ್ಬುತ್ತೆ. ನೀರು ಬೇಡ. ಹುಳ ಬೀಳಲ್ಲ. ದನ ಮುಟ್ಟಲ್ಲ. ಒಂದು ಕಡ್ಡಿ ಚುಚ್ಚಿದರೂ ಬರುತ್ತೆ. ನಾವು ಇದನ್ನೆಲ್ಲ ಗುಣ ಅಂತ ಕೇಳಿಸಿಕೊಳ್ಳುತ್ತೇವೆ. ಹಬ್ಬುವ ಗಿಡದ ಲಕ್ಷಣ ಹೇಳಿ ಅಂದರೆ ನಾನು ಹೇಳುವುದೂ ಇದೇ ಐದು. ಈ ಐದರಲ್ಲಿ ಮೂರು ಕೇಳಿಸಿದರೆ ಆ ಗಿಡವನ್ನು ನೆಲಕ್ಕೆ ಇಳಿಸುವುದಿಲ್ಲ, ತಂದರೂ ಕುಂಡದಲ್ಲೇ. ನೆಲ ಮುಚ್ಚಲು ಏನಾದರೂ ಬೇಕಿದ್ದರೆ ನೀರು ನಿಲ್ಲುವ ಕಡೆ ಒಂದೆಲಗ ಹಾಕಿ, ತಂಬುಳಿಗೂ ಆಗುತ್ತದೆ. ಬೇಲಿಗೆ ಸ್ಫಟಿಕದ ಗಿಡ ಹಾಕಿ.

ಕಿತ್ತ ಮೇಲೆ ಏನು ಮಾಡುವುದು ಅನ್ನೋದರಲ್ಲೇ ಅರ್ಧ ಕೆಲಸ ಇದೆ. ವೆಡೇಲಿಯಾ, ಕೊನ್ನಾರಿ ಗೆಡ್ಡೆ, ಎಲೆ ಅಂಚಿನಲ್ಲೇ ಮರಿ ಹಾಕುವ ಕಾಡುಬಸಳೆ, ಇವನ್ನು ಗೊಬ್ಬರದ ಗುಂಡಿಗೆ ಹಾಕಲೇಬೇಡಿ. ಮನೆಯ ಗುಂಡಿ ಅಷ್ಟು ಬಿಸಿಯಾಗಲ್ಲ, ಅಲ್ಲೇ ಚಿಗುರುತ್ತವೆ. ನಾನು ತಾರಸಿಯ ಮೇಲೆ ಹರಡುತ್ತೇನೆ. ಏಪ್ರಿಲ್ ಬಿಸಿಲಾದರೆ ವಾರ, ಮೋಡ ಇದ್ದರೆ ಮೂರು ವಾರ. ಮುರಿದರೆ ಹಪ್ಪಳದ ಹಾಗೆ ಸದ್ದು ಬರಬೇಕು. ಆಮೇಲೆ ಗುಂಡಿಗೆ ಹಾಕಬಹುದು. ಬೀಜದ ಕಾಟ ಜಾಸ್ತಿ ಇರುವ ಪಾತಿಗೆ ಮಾರ್ಚ್‌ನಲ್ಲಿ ಚೆನ್ನಾಗಿ ನೀರು ಹಾಯಿಸಿ, ತೆಳ್ಳನೆಯ ಪಾರದರ್ಶಕ ಶೀಟು ಹೊದಿಸಿ, ಅಂಚಿಗೆಲ್ಲ ಮಣ್ಣು ಹಾಕಿ ಐದಾರು ವಾರ ಬಿಡಿ. ಒಳಗಿನ ಬಿಸಿಗೆ ಮೇಲುಮಣ್ಣಿನ ಬೀಜಗಳು ಬೆಂದುಹೋಗುತ್ತವೆ. ಕೊನ್ನಾರಿ ಗೆಡ್ಡೆ ಮಾತ್ರ ಇದಕ್ಕೆ ಜಗ್ಗುವುದಿಲ್ಲ.

ಉಪ್ಪು ಸುರಿಯಿರಿ ಅನ್ನುವ ವಿಡಿಯೋಗಳನ್ನು ನಂಬಬೇಡಿ. ಕಳೆ ಸಾಯಬಹುದು, ಜೊತೆಗೆ ಮಣ್ಣೂ ಸಾಯುತ್ತದೆ. ಕಳೆನಾಶಕದ ವಿಚಾರದಲ್ಲಿ, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟನ್ನು ಲೈಸೆನ್ಸ್ ಇರುವ ಕೀಟ ನಿಯಂತ್ರಕರು ಮಾತ್ರ ಬಳಸಬೇಕು ಅಂತ ಆದೇಶ ಹೊರಡಿಸಿತ್ತು. ಮಕ್ಕಳು, ನಾಯಿ, ಬೆಕ್ಕು ಓಡಾಡುವ, ಕರಿಬೇವು ಕೊತ್ತಂಬರಿ ಬೆಳೆಯುವ ಹಿತ್ತಲಿಗೆ ಅದನ್ನು ತರುವುದು ನನಗಂತೂ ಸುತಾರಾಂ ಇಷ್ಟವಿಲ್ಲ.

ಇನ್ನು ಗರಿಕೆ. ಅದೂ ಕೊನ್ನಾರಿಯ ಹಾಗೇ, ಗಿಣ್ಣಿನಲ್ಲೂ ನೆಲದೊಳಗಿನ ಬಳ್ಳಿಯಲ್ಲೂ ಜೀವ ಇಟ್ಟಿದೆ, ಪಾತಿಗೆ ಬಂದರೆ ಬಿಡಿಸುವುದು ಕಷ್ಟ. ಆದರೆ ಗಣೇಶನ ಹಬ್ಬಕ್ಕೆ ಅದು ಬೇಕೇ ಬೇಕು. ನಮ್ಮ ಮನೆಯಲ್ಲಿ ಹಳೇ ಸಿಮೆಂಟ್ ತೊಟ್ಟಿಯೊಂದನ್ನು ಎರಡು ಇಟ್ಟಿಗೆಯ ಮೇಲೆ ಎತ್ತರಿಸಿ ಇಟ್ಟು, ಅದರಲ್ಲಿ ಗರಿಕೆ ಬೆಳೆಸಿದ್ದೇವೆ. ಅಂಚಿನಿಂದ ಕೆಳಕ್ಕೆ ಇಳಿದ ಕುಡಿಗಳನ್ನು ಅಮ್ಮ ವಾರಕ್ಕೊಮ್ಮೆ ಕತ್ತರಿಸುತ್ತಾರೆ. ಹೋದ ವರ್ಷದ ಚೌತಿಗೆ ನಮ್ಮ ಬೀದಿಯ ಆರು ಮನೆಗೆ ಅಲ್ಲಿಂದಲೇ ಗರಿಕೆ ಹೋಯಿತು, ಬರೀ ಎಲೆ, ಬೇರಿಲ್ಲದ್ದು.